ಗವರ್ನರು ಹೊರಡುವ ದಿನ ಸೆರಫೀನ್ ಕೇಳಿದ್ದು

ನಮ್ಮ ದ್ವೀಪದ ಗುಡ್ಡದ ಮೇಲಿನ ಗವರ್ನರ ಬಂಗಲೆಗೆ ಬಟ್ಟೆ ಒಗೆಯಲು ಸೇರಿದಾಗ ಸೆರಫೀನ್ ಫೆವ್ರಿಯೇ ಇನ್ನೂ ಹುಡುಗಿ. ಬಿಟ್ಟಾಗ ಬೆನ್ನು ಬಾಗಿಹೋಗಿತ್ತು. ನಡುವೆ ಎಷ್ಟು ಗವರ್ನರು ಬಂದರು, ಎಷ್ಟು ಗವರ್ನರು ಹೋದರು ಎಂದು ಲೆಕ್ಕ ಇಟ್ಟವರು ಯಾರು? ಅವಳಿಗೆ ಅವರೆಲ್ಲ ಗೊತ್ತಿದ್ದದ್ದು ಅಂಗಿಗಳಿಂದ. ಒಬ್ಬನಿಗೆ ವಿಪರೀತ ಬೆವರು, ಒಬ್ಬನ ಕುತ್ತಿಗೆ ಗೂಳಿಯದು, ಇನ್ನೊಬ್ಬ ಕುಡಿದದ್ದರಲ್ಲಿ ಅರ್ಧ ಎದೆಯ ಮೇಲೇ ಚೆಲ್ಲಿಕೊಳ್ಳುತ್ತಿದ್ದ. ಹಡಗಿನಿಂದ ಇಳಿದು, ಗರಿಯ ಟೊಪ್ಪಿಗೆ ಹಾಕಿಕೊಂಡು ನಮ್ಮನ್ನು ಆಳಿ, ನಮ್ಮ ಹೆಸರುಗಳು ಬಾಯಿಗೆ ಹೊಂದಿಕೊಳ್ಳುವ ಹೊತ್ತಿಗೆ ಇನ್ನೊಂದು ದ್ವೀಪಕ್ಕೆ ವರ್ಗವಾಗಿ ಹೋಗುವ ಜನ. ಅವರು ಮಾಡಿದ್ದನ್ನು ಅನುಭವಿಸುವುದಕ್ಕೆ ನಾವಿದ್ದೆವಲ್ಲ, ಬಿಡಿ.

ಅವರ ಬಿಳಿಯ ಸಮವಸ್ತ್ರಕ್ಕೆ ಮರಗೆಣಸಿನ ಗಂಜಿ ಹಾಕಿ, ಇದ್ದಲ ಒಲೆಯಲ್ಲಿ ಕಾಯಿಸಿದ ಇಸ್ತ್ರಿ ಎಳೆದರೆ ಒಂದು ಸುಕ್ಕು ಕೂಡ ಕಾಣುತ್ತಿರಲಿಲ್ಲ. ಆ ಕೆಲಸದಲ್ಲಿ ಸೆರಫೀನಳನ್ನು ಮೀರಿಸುವವರು ಪೇಟೆಯಲ್ಲಿ ಇರಲಿಲ್ಲ. ಅದರಿಂದಲೇ ಅವಳು ಮಗನನ್ನು ಸಾಕಿದ್ದು. ಮಗ ಹಿಲೇರ್. ಅವನ ಅಪ್ಪ ಜ್ಯಾನ್‌ಬ್ಯಾಟಿಸ್ಟ್ ಕಬ್ಬು ಕಡಿಯಲು ಕ್ಯೂಬಾಕ್ಕೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಪುಣ್ಯಾತ್ಮ ಬಿಟ್ಟುಹೋದದ್ದು ಹೆಸರೊಂದನ್ನು. ಚರ್ಚಿನಲ್ಲಿ ಮಗುವಿಗೆ ಅದನ್ನೇ ಬರೆಸಿದ್ದರು. ನಮ್ಮಲ್ಲಿ ಹಾಗೆಯೇ, ಮದುವೆ ಆಗಲಿ ಬಿಡಲಿ, ಹೆಸರು ಮಾತ್ರ ಅಪ್ಪನದು.

ಬಂಗಲೆಯ ಆಳುಗಳಲ್ಲಿ ಒಂದು ಕಟ್ಟಳೆ ಇತ್ತು. ಗವರ್ನರು ಇರುವಷ್ಟು ದಿನ ಅವರಲ್ಲಿ ಏನನ್ನೂ ಕೇಳುವಂತಿಲ್ಲ. ಹೊರಡುವ ದಿನ ಮಾತ್ರ, ಪೆಟ್ಟಿಗೆಗಳೆಲ್ಲ ಬಂದರಿಗೆ ಇಳಿದ ಮೇಲೆ, ಆಳುಗಳು ಹಿಂದಿನ ಜಗಲಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಗವರ್ನರು ಒಬ್ಬೊಬ್ಬರ ಕೈ ಕುಲುಕಿ ಏನು ಬೇಕೆಂದು ಕೇಳುತ್ತಾರೆ. ಒಬ್ಬರಿಗೆ ಒಂದೇ ಒಂದು, ಇಲ್ಲ ಎನ್ನುವ ಹಾಗಿಲ್ಲ. ಅಡುಗೆಯವಳು ಹಾಗೆ ಮನೆಗೆ ತಗಡಿನ ಮಾಡು ಹೊದಿಸಿಕೊಂಡಳು, ತೋಟದವನಿಗೆ ಬಂದೂಕಿನ ಪರವಾನಗಿ ಸಿಕ್ಕಿತು. ಆದರೆ ಮೊದಲೇ ಬಾಯಿಬಿಟ್ಟವನ ಸರದಿ ಅಲ್ಲಿಗೇ ಮುಗಿಯಿತು. ಈ ಕಟ್ಟಳೆಯನ್ನು ಕಾಯುತ್ತಿದ್ದವನು ಬಟ್ಲರ್ ಎವರೀಸ್ಟ್. ಬೆಳ್ಳಿ ಚಮಚಗಳ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಮುದುಕ. ಬಂಗಲೆಯಲ್ಲಿ ಅವನ ಮಾತೇ ಮಾತು.

ಸರ್ ಮಾರ್ಟಿಮರ್ ಹ್ಯಾಲೋಸ್ ಎಂಬವರು ಗವರ್ನರಾಗಿದ್ದ ಕೊನೆಯ ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಗೇಟಿನ ಹತ್ತಿರ ಮೇಸ್ತ್ರಿ ಗುಂಡು ಹಾರಿಸಿದ. ಒಬ್ಬ ಬಸುರಿ ಹೆಂಗಸು ಬಿದ್ದಳು. ಜನ ಮೇಸ್ತ್ರಿಯ ಮೇಲೆ ಮುಗಿಬಿದ್ದರು. ಅಷ್ಟು ಮಚ್ಚುಗಳಲ್ಲಿ ಕೊಂದ ಮಚ್ಚು ಯಾರದೆಂದು ದೇವರಿಗೂ ತಿಳಿಯದು. ಕೋರ್ಟಿಗೆ ತಿಳಿಯಿತು! ಓಡಿಹೋಗದೆ ಬಸುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹಿಲೇರ್ ಜ್ಯಾನ್‌ಬ್ಯಾಟಿಸ್ಟನಿಗೆ ನೇಣು ಎಂದಿತು.

ಗಲ್ಲನ್ನು ತಪ್ಪಿಸುವ ಅಧಿಕಾರ ಇದ್ದದ್ದು ಗವರ್ನರೊಬ್ಬರಿಗೇ. ಸೆರಫೀನ್ ಗವರ್ನರ ಅಂಗಿಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಕಡೆ ಓಡಿದ್ದಳು. ಎವರೀಸ್ಟ್ ಅಡ್ಡ ನಿಂತ.

"ಎಲ್ಲಿಗೇ ಹೊರಟೆ? ತಲೆ ಕೆಟ್ಟಿದ್ಯಾ?"

"ಬಿಡಣ್ಣ, ಕಾಲಿಗ್ ಬೀಳ್ತೀನಿ. ಹೆತ್ತ ಹೊಟ್ಟೆ ಕಣಣ್ಣ ಇದು."

"ಬೀಳು. ಬಿದ್ದ್ರೆ ನೋಡೋಣ ಅಂತಾರೆ. ನೋಡೋಣ ಅಂದ್ಮೇಲೆ ಮುಗೀತು, ಮತ್ತೆ ಕೇಳೋ ಹಾಗಿಲ್ಲ. ದೊರೆ ಮುಂದಿನ ತಿಂಗಳು ಹೊರಡ್ತಾರೆ, ಗಲ್ಲು ಅದಾದ್ಮೇಲೆ. ಜೈಲಿನ ವಾರ್ಡರನ್ನೇ ಕೇಳ್ಕೊಂಡ್ ಬಂದಿದೀನಿ. ಹೊರಡೋ ದಿನ ಕೇಳು, ಇಲ್ಲ ಅನ್ನಕ್ಕಾಗಲ್ಲ ಅವರಿಗೆ. ಅಲ್ಲೀವರ್ಗೂ ತುಟಿ ಪಿಟಕ್ ಅನ್ಬೇಡ."

ಎವರೀಸ್ಟ್ ಕೆಟ್ಟವನಲ್ಲ. ಅವನು ಹಿಲೇರನಿಗೆ ಜ್ಞಾನಸ್ನಾನದ ಅಪ್ಪ, ಚರ್ಚಿನಲ್ಲಿ ಹೆಸರಿಡುವಾಗ ಮಗುವನ್ನು ಎತ್ತಿಕೊಂಡು ನಿಂತವನು; ತನ್ನ ಸರದಿಯನ್ನೂ ಅವಳಿಗೇ ಬಿಟ್ಟುಕೊಡುತ್ತೇನೆಂದ. ಅವಳು ನಂಬಿದಳು. ಯಾಕೆ ನಂಬಬಾರದು? ಅಷ್ಟು ವರ್ಷಗಳಲ್ಲಿ ಆ ಜಗಲಿಯಲ್ಲಿ ಯಾರಿಗೂ ಇಲ್ಲ ಅಂದದ್ದನ್ನು ಅವಳು ಕಂಡಿರಲಿಲ್ಲ.

ಆ ದಿನಗಳನ್ನು ಅವಳು ಹೇಗೆ ಕಳೆದಳೋ! ಅನ್ನ ನೀರು ಸೇರುತ್ತಿರಲಿಲ್ಲ. ಭಾನುವಾರ ಜೈಲಿಗೆ ಬೇಯಿಸಿದ ದೀವಿಹಲಸು, ಉಪ್ಪುಮೀನು ಒಯ್ಯುವಳು. ಹಿಲೇರ್ ಕಂಬಿಯಾಚೆಯಿಂದ ನಗುವನು.

"ಏನಮ್ಮಾ, ನಿನ್ ದೊರೆ ಏನಂತಾನೆ? ನಾನಿಲ್ಲಿ ಕುತ್ತಿಗೆ ಸವರ್ಕೊಂಡ್ ಕೂತಿದ್ರೆ ನೀನಲ್ಲಿ ಅವನ ಕಾಲರಿಗ್ ಗಂಜಿ ಹಾಕ್ತಾ ಇದೀಯ."

"ಬಾಯ್ಮುಚ್ಚೋ ಮುಂಡೇದೆ. ಹೊರಗ್ ಬಂದ್ಮೇಲೆ ಅವರ ಕಾಲು ತೊಳೆದ್ರೂ ಸಾಲ್ದು ನೀನು."

ಒಮ್ಮೆ ಗವರ್ನರೇ ಒಗೆಯುವ ಕಟ್ಟೆಯ ಬಳಿ ನಿಂತರು. ನಾಯಿಯ ಜೊತೆ ಬೆಳಗಿನ ತಿರುಗಾಟಕ್ಕೆ ಹೊರಟಿದ್ದರು. ಅವಳ ಮುಖ ನೋಡಿ, "ಏನಾಯ್ತು ಸೆರಫೀನ್, ಹುಷಾರಿಲ್ವಾ?" ಎಂದರು. ಸೋಪಿನ ನೊರೆಯಲ್ಲಿ ಕೈ ಅದ್ದಿ, "ಏನಿಲ್ಲ ದೊರೆ, ಬಿಸಿಲು" ಎಂದಳು. ಅವರು ನಾಯಿಯನ್ನು ಕರೆದುಕೊಂಡು ಹೋದರು.

ಹೊರಡುವ ದಿನ ಬಂತು. ಬೆಳಿಗ್ಗೆ ಮುಂದಿನ ಹಜಾರದಲ್ಲಿ ಬ್ಯಾಂಡು ಬಾರಿಸಿ, ಹೊಸಬರು ಬರುವತನಕ ಆಳಬೇಕಾಗಿದ್ದ ಕಾರ್ಯದರ್ಶಿ ಪೆಲ್‌ಗೆ ಪ್ರಮಾಣವಚನ ಬೋಧಿಸಿದರು. ಅದಾದ ಮೇಲೆ ಹ್ಯಾಲೋಸ್ ದೊರೆ ಹಿಂದಿನ ಜಗಲಿಗೆ ಬಂದರು, ಪಕ್ಕದಲ್ಲಿ ಪೆಲ್. ತೋಟದವನು ಹಳೆಯ ಕೋಟು ಕೇಳಿದ, ಸಿಕ್ಕಿತು. ಎವರೀಸ್ಟ್ ಏನನ್ನೂ ಕೇಳದೆ ಸೆರಫೀನಳನ್ನು ಮುಂದಕ್ಕೆ ತಳ್ಳಿದ.

"ನನ್ ಮಗನ್ನ ಕೊಡಿ, ದೊರೆ."

"ಮಗನಾ?"

"ಜೈಲಲ್ಲಿದಾನೆ. ಹಿಲೇರ್ ಜ್ಯಾನ್‌ಬ್ಯಾಟಿಸ್ಟ್."

ದೊರೆಯ ಮುಖ ಬಿಳಿಚಿತು. "ಅವನು ನಿನ್ನ ಮಗನೇ? ನಿನ್ನ ಹೆಸರು ಫೆವ್ರಿಯೇ ಅಲ್ವಾ?"

"ಅದು ಅವರಪ್ಪನ ಹೆಸರು, ದೊರೆ."

"ಅಯ್ಯೋ, ಮೊದಲೇ ಯಾಕೆ ಹೇಳಲಿಲ್ಲ? ಹೋದ ಸೋಮವಾರ ತಾನೇ ಗಲ್ಲಿನ ಕಾಗದಕ್ಕೆ ಸಹಿ ಹಾಕಿದೆ. ಇಡೀ ದಿನ ಆ ಕಾಗದ ಮುಂದಿಟ್ಟುಕೊಂಡು ಕೂತಿದ್ದೆ. ಪೇಟೆಯಲ್ಲಿ ಅವನನ್ನು ಬಲ್ಲವರು ಒಬ್ಬರಾದರೂ ಬಂದು ಒಂದು ಒಳ್ಳೆ ಮಾತು ಹೇಳಿದ್ದರೆ..."

ಸೋಮವಾರ. ಆ ದಿನದ ಅಂಗಿಯ ತೋಳಿನ ತುದಿಯಲ್ಲಿ ಶಾಯಿ ಬಿದ್ದಿತ್ತು. ಅದನ್ನು ಅವಳೇ ನಿಂಬೆ, ಉಪ್ಪು ತಿಕ್ಕಿ, ಬಿಸಿಲಿಗೆ ಹಾಕಿ ತೆಗೆದಿದ್ದಳು.

"ಇವತ್ತು ತಾನೇ ಕೇಳೋ ದಿನ," ಎಂದಳು ಸೆರಫೀನ್.

ದೊರೆ ತಿರುಗಿ ಪೆಲ್‌ನ ಕಡೆ ನೋಡಿದರು. ಈಗ ಅಧಿಕಾರ ಅವನದು.

"ಆಗೋದಿಲ್ಲ ಸರ್," ಎಂದ ಪೆಲ್. "ಅಧಿಕಾರಕ್ಕೆ ಬಂದ ದಿನವೇ ಗಲ್ಲು ನಿಲ್ಲಿಸಿದರೆ ನಾಳೆ ಒಬ್ಬನೂ ಕಬ್ಬು ಕಡಿಯೋದಿಲ್ಲ. ಹಡಗು ಕಾಯ್ತಾ ಇದೆ."

ಹ್ಯಾಲೋಸ್ ದೊರೆ ಅವಳ ಕೈಯನ್ನು ಇನ್ನೂ ಹಿಡಿದುಕೊಂಡೇ ಇದ್ದರು. ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳಬಾರದು. "ಬೇರೆ ಏನಾದರೂ ಕೇಳು, ಸೆರಫೀನ್. ಏನಾದರೂ," ಎಂದರು.

ಅವಳು ಎದೆ ಬಡಿದುಕೊಳ್ಳಲಿಲ್ಲ, ಶಾಪ ಹಾಕಲಿಲ್ಲ. ಇನ್ನೊಬ್ಬಳಾಗಿದ್ದರೆ ಆ ಬಿಳಿಯ ಎದೆಯ ಮೇಲೆ ಉಗಿದಿರುತ್ತಿದ್ದಳು, ನನಗಂತೂ ಹಾಗೇ ಅನ್ನಿಸುತ್ತದೆ. ನೇಣಾದವರನ್ನು ಜೈಲಿನ ಅಂಗಳದಲ್ಲೇ ಸುಣ್ಣ ಸುರಿದು ಹೂಳುತ್ತಿದ್ದರು. ಶಿಲುಬೆಯಿಲ್ಲ, ಹೆಣದ ಮುಂದೆ ಜಾಗರಣೆಯಿಲ್ಲ, ದಾರಿ ತೋರಿಸಿ ಕಳಿಸಿಕೊಡುವವರಿಲ್ಲದೆ ಜೀವ ಅಲೆಯುತ್ತದೆ. ಅವಳಿಗೆ ಅದು ನೆನಪಾಯಿತು.

"ಹೆಣ ಆದ್ರೂ ಕೊಡಿಸಿ," ಎಂದಳು.

ದೊರೆ ಮತ್ತೆ ಪೆಲ್‌ನ ಕಡೆ ನೋಡಿದರು.

"ಅದಾಗಬಹುದು," ಎಂದ ಪೆಲ್.

ಅವನು ಮಾತು ತಪ್ಪಲಿಲ್ಲ. ಹೆಣವನ್ನು ಕತ್ತೆಗಾಡಿಯಲ್ಲಿ ತಂದರು. ತಾಯಿಯೇ ತೊಳೆದು, ಕುತ್ತಿಗೆಯ ಗಾಯ ಕಾಣದ ಹಾಗೆ ಎತ್ತರದ ಕಾಲರಿನ ಅಂಗಿ ತೊಡಿಸಿದಳು. ಕೇರಿಯವರು ಜೀವ ಸಿಕ್ಕಿಕೊಳ್ಳದಿರಲೆಂದು ಕನ್ನಡಿಗಳಿಗೆ ಬಟ್ಟೆ ಮುಚ್ಚಿ, ರಮ್ಮು ಕಾಫಿ ಹಂಚಿ, ಬೆಳಗಾಗುವವರೆಗೆ ಹಾಡಿದರು. ಎವರೀಸ್ಟ್ ಬಾಗಿಲಾಚೆ ಅಂಗಳದಲ್ಲೇ ಕೂತಿದ್ದ. ಅವಳೇ ಹೋಗಿ, "ಒಳಗ್ ಬಾರಣ್ಣ, ನಿನ್ ಮಗನೂ ಹೌದಲ್ವಾ" ಎಂದು ಕರೆದಳು. ಅವನು ಏಳಲಿಲ್ಲ. ಆ ವರ್ಷ ದಾಟುವ ಮೊದಲೇ ಅವನೂ ಹೋದ. ಆಮೇಲೆ ಬಂದ ಗವರ್ನರುಗಳು ಹೊರಡುವ ದಿನ ಸೆರಫೀನ್ ಒಗೆಯುವ ಕಟ್ಟೆಯಿಂದ ಅಲ್ಲಾಡಲಿಲ್ಲ. ಕೇಳುವುದಕ್ಕೆ ಅವಳಿಗೆ ಏನೂ ಉಳಿದಿರಲಿಲ್ಲ.

ಸ್ವಾತಂತ್ರ್ಯ ಬರುವ ವಾರ ಪೇಟೆಯ ರೇಡಿಯೋದವನೊಬ್ಬ ಮಾತು ಹಿಡಿಯುವ ಯಂತ್ರ ಹೊತ್ತುಕೊಂಡು ಅವಳ ಗುಡಿಸಲಿಗೆ ಬಂದ. ಟೈ ಕಟ್ಟಿಕೊಂಡ, ನಗುಮುಖದ ಯುವಕ.

"ಅಜ್ಜೀ, ಅಷ್ಟು ಗವರ್ನರುಗಳನ್ನ ಹತ್ರದಿಂದ ನೋಡಿದೀರಲ್ಲ, ಅವರಲ್ಲಿ ಯಾರು ಒಳ್ಳೆಯವ್ರು?"

ಸೆರಫೀನಳ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲವೆಂದು ಆ ಯುವಕನೇ ಆಮೇಲೆ ಹೇಳಿದ.

"ಹ್ಯಾಲೋಸ್ ದೊರೆ ಕಣಪ್ಪ. ಮಗನ್ನ ಕೊಡಿ ಅಂದೆ. ಕೊಟ್ರು. ನೇಣಿಂದ ಇಳಿಸಿ ಕೊಟ್ರು. ಬೇರೆಯವರು ಅಷ್ಟೂ ಕೊಡ್ತಿರ್ಲಿಲ್ಲ."