ಮೇಜಿನ ಕೆಳಗಿನ ಚಪ್ಪಲಿ

ರೋಣದ ದವಾಖಾನೆಯೊಂದರಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದ ಲ್ಯಾಬಿನವರೊಬ್ಬರಿಗೆ ಒಂದು ರೂಢಿಯಿತ್ತು. ಎದೆನೋವೆಂದು ಬಂದವರ ಚಪ್ಪಲಿಗಳನ್ನು ತಮ್ಮ ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಟ್ರೋಪೋನಿನ್ ಎಂಬ ಅಂಶ ಏರುತ್ತದೆ. ಅದು ಇನ್ನೂ ಏರುತ್ತಿದೆಯೇ ಎಂದು ತಿಳಿಯಲು ಕೆಲವು ತಾಸು ಬಿಟ್ಟು ಮತ್ತೆ ರಕ್ತ ತೆಗೆಯಬೇಕು. ಆದರೆ ನೋವು ತಗ್ಗಿದ ಕೂಡಲೇ ಜನ ಬಸ್ಸು ಹತ್ತಿಬಿಡುತ್ತಿದ್ದರು.

ಎದೆನೋವೆಂದು ನಾನು ಕರೆತಂದಿದ್ದ ಅಪ್ಪನೂ ಮೊದಲ ಸಲ ರಕ್ತ ಕೊಟ್ಟು ಸ್ವಲ್ಪ ಹೊತ್ತಿಗೆ ಎದ್ದು ನಿಂತ. “ಗ್ಯಾಸ್ ಆಗಿತ್ತು, ಹೋತು. ಚಪ್ಪಲಿ ಕೊಡು ತಮ್ಮಾ, ಹೊಳೆಮಣ್ಣೂರ ಬಸ್ ತಪ್ಪತೈತಿ.”

“ಇನ್ನೊಮ್ಮೆ ನೋಡೂಣ್ರಿ ಕಾಕಾ.” ಎಲ್ಲರಿಗೂ ಅವರದು ಅದೇ ಮಾತು.

“ಚಪ್ಪಲಿ ಕಳ್ಳ ಅದಿ ನೀ!”

“ಹೌದ್ರಿ. ಕುಂದರ್ರಿ.”

ಎರಡನೆಯ ಸಲದ ಅಂಕಿ ಮೊದಲಿನದಕ್ಕಿಂತ ಬಹಳ ಮೇಲಿತ್ತು. ಇವತ್ತಿನ ದಿನ ದಾಟುವುದೇ ಕಷ್ಟವೆಂದು ನನ್ನೊಬ್ಬನಿಗೆ ಹೇಳಿದ ಡಾಕ್ಟರು, ಗದಗಕ್ಕೆ ಒಯ್ಯಲು ಆಂಬುಲೆನ್ಸ್ ಕರೆಸಿದರು. ಸ್ಟ್ರೆಚರಿನ ಮೇಲಿಂದ ಅಪ್ಪ ಕೇಳಿದ, “ಈಗರ ಕೊಡಪಾ.”

“ವಾಪಸ್ ಬರ್ರಿ ಕಾಕಾ, ಆಗ ಕೊಡ್ತೀನಿ.”

ಹಾಗೆನ್ನುವಾಗ ಅವರು ನಕ್ಕರೆಂದು ಅಪ್ಪ ಈಗಲೂ ಹೇಳುತ್ತಾನೆ. ಇದ್ದರೂ ಇರಬಹುದು, ನನಗೆ ಅವರ ಮುಖವೇ ನೆನಪಿಲ್ಲ. ಚಪ್ಪಲಿಗಳನ್ನು ಅವರು ಕಾಲಿನಿಂದ ಮೇಜಿನಡಿ ಇನ್ನಷ್ಟು ಒಳಕ್ಕೆ ತಳ್ಳಿದರು, ಅದಷ್ಟೇ ನೆನಪು.