ತಾಳ ನಿಲ್ಲಿಸಿದವರು

ನಮ್ಮ ಡಾನ್ಸ್ ಅಕ್ಕೋರ ಹಿಮ್ಮಡಿಗಳು ಬಿರಿದು ಹೋಗಿದ್ದವು. ಆ ಬಿರುಕಿಗೆ ವ್ಯಾಸಲೀನ್ ತುಂಬಿಕೊಂಡೇ ಬೀದರಿನ ನೌಬಾದದ ಬಾಡಿಗೆ ಕೋಣೆಯ ಫರಸಿಕಲ್ಲಿನ ನೆಲದ ಮೇಲೆ ಭರತನಾಟ್ಯದ ಹೆಜ್ಜೆ ಹಾಕಿ ತೋರಿಸುತ್ತಿದ್ದರು. ನೋವಾಗುವುದಿಲ್ಲವೇ ಎಂದು ಕೇಳಿದರೆ, "ನೋಯ್ತದ. ನೀ ಮದಲ ಮೊಣಕಾಲು ಬಗ್ಗಸು" ಎನ್ನುತ್ತಿದ್ದರು.

ಮಳೆ ಕೈಕೊಟ್ಟ ಎರಡನೇ ವರ್ಷವದು. ಭಾಲ್ಕಿಯ ಕಾರ್ಯಕ್ರಮದಲ್ಲಿ ಕೃಷ್ಣ, ಗೋಪಿಕೆಯರಾಗಿ ಮೆರೆಯಬೇಕೆಂದು ನಾವು ಕನಸು ಕಾಣುತ್ತಿದ್ದರೆ, ಅಕ್ಕೋರು ಗುಳೆ ಹೋಗುವವರ ನೃತ್ಯ ಕಟ್ಟಿದರು. ಅದೇ ಹೆಜ್ಜೆ, ಅದೇ ಮುದ್ರೆ. ಕೃಷ್ಣನ ಜಾಗದಲ್ಲಿ ಹೈದರಾಬಾದಿಗೆ ಹೊರಟ ಹೆಂಗಸು. ಆ ಹೆಂಗಸು ನಾನು. ಅಪ್ಪ ಕೆಂಡವಾದರು.

"ದೇವರ ಡಾನ್ಸ್ ಕಲಸ್ರಿ ಅಂದ್ರ ಇದೇನ್ರಿ? ಮಂದಿ ನಕ್ಕರ ಇದೇ ಕಡೀದು, ಮತ್ತ ಕಳಸಂಗಿಲ್ರಿ."

ಅಕ್ಕೋರು "ಆಯ್ತ್ರಿ" ಎಂದರಷ್ಟೆ. ನನಗೆ ಕುಣಿತ ಬಿಟ್ಟರೆ ಬೇರೆ ಹುಚ್ಚೇ ಇರಲಿಲ್ಲ.

ಅಳುವುದನ್ನು ನಾನು ಕನ್ನಡಿ ಮುಂದೆ ಕಲಿತಿದ್ದೆ. ಹುಬ್ಬು ಗಂಟಿಕ್ಕಿ, ತುಟಿ ನಡುಗಿಸಿ ತೋರಿಸಿದೆ. "ಹಲ್ಲ ನೋಯಾಕತ್ತದೇನು?" ಎಂದರು ಅಕ್ಕೋರು. ಮರುದಿನ ಔರಾದದ ಬಸ್ ಸ್ಟ್ಯಾಂಡಿಗೆ ಕರೆದೊಯ್ದು ಮಧ್ಯಾಹ್ನದ ತನಕ ಕೂಡಿಸಿದರು. ಗಂಟುಮೂಟೆ ಹೊತ್ತವರಲ್ಲಿ ಯಾರೂ ಅಳುತ್ತಿರಲಿಲ್ಲ. ಒಬ್ಬಾಕೆ ಸೆರಗಿಗೆ ಕಟ್ಟಿದ ಮನೆಯ ಕೀಲಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ಅಳೂದು ಬಿಡು. ಆ ಕೈ ಕಲಿ" ಎಂದರು ಅಕ್ಕೋರು.

ಭಾಲ್ಕಿಗೆ ಅಪ್ಪನೂ ಬಂದಿದ್ದರು. ವೇದಿಕೆಯ ಮೇಲೆ ಮನೆಗೆ ಬೀಗ ಹಾಕಿ, ಕೀಲಿ ಸೆರಗಿಗೆ ಕಟ್ಟಿ ಹೊರಟೆ. ಮುಂದೆ ಕೂತಿದ್ದ ಮುದುಕಿಯೊಬ್ಬಳು ಎದ್ದು ನಿಂತು ಕೂಗಿದಳು:

"ಏ ಯವ್ವಾ, ಒಲಿ ಸಾರಿಸಿದೇನು? ಬೂದಿ ಬಿಟ್ಟು ಹ್ಯಾಂಗ ಹೊಂಟಿ?"

ಊರು ಬಿಡುವಾಗ ಒಲೆಯ ಬೂದಿ ತೆಗೆದು, ಸಗಣಿಯಿಂದ ಸಾರಿಸಿಯೇ ಬಾಗಿಲು ಹಾಕುವುದು ಆಕೆಯ ಕಡೆಯ ರೂಢಿ. ಗ್ಯಾಸಿನ ಮೇಲೆ ಅಡುಗೆ ಮಾಡುವ ನನಗೂ ಅಕ್ಕೋರಿಗೂ ಅದು ಹೊಳೆದೇ ಇರಲಿಲ್ಲ. ಸಭೆ ಗೊಳ್ಳೆಂದು ನಕ್ಕಿತು. ಅಪ್ಪ ತಲೆ ತಗ್ಗಿಸಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅಕ್ಕೋರು ತಾಳದ ಕೋಲು ಕೆಳಗಿಟ್ಟು ಮುದುಕಿಗೆ ಕೈ ಮುಗಿದರು. "ತಪ್ಪಾಯ್ತಬೇ ಆಯಿ. ನನಗ ಗೊತ್ತಿದ್ದಿಲ್ಲ." ಆಮೇಲೆ ನನ್ನತ್ತ ತಿರುಗಿ, "ಬಾಗಲಾ ತಗಿ. ಒಲಿ ಸಾರಸು" ಎಂದರು.

ತಾಳವಿಲ್ಲದೆ ಹಿಂದಿರುಗಿದೆ. ಇಲ್ಲದ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೂದಿ ಬಳಿದು ತೆಗೆದೆ. ಸಾರಿಸುತ್ತಾ ಸಾರಿಸುತ್ತಾ ಕೈ ನಿಂತಿತು: ನಾಳೆ ಇಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲ. ತಡೆಯಲಾಗದೆ ಅಳು ಬಂತು. ನಗುತ್ತಿದ್ದವರು ಸುಮ್ಮನಾದರು. ನಾನು ಎದ್ದು ಬೀಗ ಹಾಕುವ ತನಕ ಮುದುಕಿ ಕೂರಲಿಲ್ಲ.

ಬಸ್ಸಿನಲ್ಲಿ ಬೀದರಿಗೆ ಮರಳಿದೆವು. ಇಳಿಯುವಾಗ ಅಪ್ಪ ಅಕ್ಕೋರನ್ನು ಕೇಳಿದರು: "ಸೋಮವಾರ ಎಷ್ಟ ಗಂಟಿಗಿ ಕಳಸ್ಲಿರಿ?"

ಅಕ್ಕೋರು ತೀರಿಕೊಂಡು ವರ್ಷಗಳಾದವು. ಈಗ ನಾನೂ ಮಕ್ಕಳಿಗೆ ಕಲಿಸುತ್ತೇನೆ. ಅವರ ಹಾಗೆಯೇ ಗದರುತ್ತೇನೆ, ಮಕ್ಕಳು ಅಂಜುತ್ತಾರೆ ಕೂಡ. ಆದರೆ ತುಂಬಿದ ಸಭೆಯಲ್ಲಿ, ನನ್ನ ತಪ್ಪಿಗೆ ನಾನೇ ತಾಳ ನಿಲ್ಲಿಸುವಷ್ಟು ದೊಡ್ಡವಳು ಇನ್ನೂ ಆಗಿಲ್ಲ.