ಖಾಲಾ ಪೂಜೆಗೆ ಕುಳಿತ ಬೆಳಿಗ್ಗೆ

ವಯಸ್ಸಾದ ಮೇಲೆ ದೇವರ ಕಡೆ ಮನಸ್ಸು ಕೊಟ್ಟರೆ ನೆಮ್ಮದಿ ತಾನೇ ಬರುತ್ತದೆ ಎಂದು ನನಗೆ ಉಪದೇಶ ಮಾಡುವವರು ಈಗ ಬಹಳ ಆಗಿದ್ದಾರೆ. ಹೋದ ತಿಂಗಳು ಬೀದರಿನಲ್ಲಿ ಮುದುಕರಿಗಾಗಿಯೇ ಒಂದು ಧ್ಯಾನ ಶಿಬಿರ ಇತ್ತು. ಸೊಸೆ ಎಳೆದುಕೊಂಡು ಹೋದಳು. ನನ್ನ ಮೊಮ್ಮಗನ ವಯಸ್ಸಿನ ಗುರುಗಳು, ಕಣ್ಣು ಮುಚ್ಚಿಕೊಳ್ಳಿ, ಹೊರಗಿನ ಸದ್ದು ಯಾವುದೂ ಕಿವಿಗೆ ಬೀಳಬಾರದು ಅಂದರು. ನಾನು ಸೆರಗು ಝಾಡಿಸಿಕೊಂಡು ಎದ್ದು ಬಂದುಬಿಟ್ಟೆ. ಸೊಸೆಗೆ ಅವಮಾನವಾಯಿತಂತೆ, ಆಗಲಿ. ನಮ್ಮ ಆಯಿಯಷ್ಟು, ಅಂದರೆ ಅಪ್ಪನ ತಾಯಿಯಷ್ಟು, ಪೂಜೆ ಮಾಡಿದವರನ್ನು ನಾನು ಕಂಡಿಲ್ಲ. ಅವಳಷ್ಟು ಒಳಗೊಳಗೇ ಬೆಂದು ಸತ್ತವರನ್ನೂ ಕಂಡಿಲ್ಲ.

ನಮ್ಮ ಮನೆ ಭಾಲ್ಕಿಯಲ್ಲಿ. ದಿನಾ ಬೆಳಿಗ್ಗೆ ಆಯಿ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು ಕೂಡುವಳು. ಆಮೇಲೆ ಮನೆಗೆ ಬೆಂಕಿ ಬಿದ್ದರೂ ಅವಳನ್ನು ಮಾತಾಡಿಸುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಒಮ್ಮೆ ಚೇಳು ಮಣೆಯ ಪಕ್ಕವೇ ಹಾದುಹೋದರೂ ಅವಳು ಕದಲಲಿಲ್ಲ. ಲಿಂಗ ಮೈಯಿಂದ ಅಗಲಿದರೆ ಜೀವ ಹೋದಂತೆ ಎಂದು ನಂಬಿದವಳು. ಇನ್ನೊಬ್ಬರ ಕೈಗೆ ಕೊಡುವ ಮಾತಂತೂ ದೂರವೇ ಉಳಿಯಿತು.

ನನಗೆ ಒಂಬತ್ತು ವರ್ಷ ಇದ್ದಾಗ ನಿಜಾಮನ ಪರದ ರಜಾಕಾರರ ಹಾವಳಿ. ಅಪ್ಪ ನಿಜಾಮನ ವಿರುದ್ಧ ಹೋರಾಡುವವರ ಗಡಿಯಾಚೆಯ ಶಿಬಿರ ಸೇರಿದ್ದ. ಅವ್ವ ಹೆರಿಗೆಗೆಂದು ಕಮಲನಗರದ ತವರಿಗೆ ಹೋಗಿದ್ದಳು. ಭಾತಂಬ್ರಾದಲ್ಲಿ ನಮ್ಮ ಕಾಕಾನ ಮನೆ ಸುಟ್ಟರು, ಅವನ ಅಪ್ಪ ಅದರಲ್ಲೇ ಹೋದ. ಈ ಕಾಕಾ ನಮ್ಮಪ್ಪನ ಚಿಕ್ಕಪ್ಪನ ಮಗ. ಎಳೆತನದಲ್ಲೇ ತಾಯಿ ಸತ್ತದ್ದರಿಂದ ಅವನನ್ನು ಎತ್ತಿ ಬೆಳೆಸಿದವಳು ಆಯಿ. ಅವಳು ಹಾಕಿದ ಗೆರೆಯನ್ನು ಅವನು ಎಂದೂ ದಾಟಿದವನಲ್ಲ.

ಆಮೇಲೆ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು, ಗಾಳಿ ತಿರುಗಿತು. ನಿನ್ನೆ ಅಂಜಿ ಅಡಗಿದ್ದವರು ಇವತ್ತು ಕೊಡಲಿ ಹಿಡಿದು ಓಣಿಗೆ ಬಂದರು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮುಸಲ್ಮಾನ ಮುದುಕಿ ಇದ್ದಳು, ಎಲ್ಲರೂ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ಅವಳ ಮಗ ರಜಾಕಾರರ ಜೊತೆ ಸೇರಿದ್ದವನು, ಈಗ ತಾಯಿಯನ್ನು ಬಿಟ್ಟು ಓಡಿಹೋಗಿದ್ದ. ಜನ ಅವನ ಬದಲು ಅವಳನ್ನು ಹುಡುಕುತ್ತಿದ್ದರು. ಖಾಲಾ ಜೀವ ಕೈಯಲ್ಲಿ ಹಿಡಿದುಕೊಂಡು ಹಿತ್ತಿಲ ಬಾಗಿಲಿಂದ ಬಂದಳು. ಆಯಿ ಒಂದು ಮಾತೂ ಕೇಳದೆ ಒಳಗೆ ಕರೆದುಕೊಂಡಳು.

ಆಯಿ ತನ್ನ ಸೀರೆ ಉಡಿಸಿದಳು, ಹಣೆಗೆ ವಿಭೂತಿ ಹಚ್ಚಿದಳು. ಖಾಲಾ ಎರಡು ಸಲ ಒರೆಸಿಕೊಂಡಳು. ಮೂರನೆಯ ಸಲ ಕಣ್ಣೀರು ಸುರಿಸುತ್ತ ಸುಮ್ಮನೆ ಕುಳಿತಳು. ಯಾರಾದರೂ ಕೇಳಿದರೆ ಔರಾದದಿಂದ ಬಂದ ಆಯಿಯ ವಿಧವೆ ಅಕ್ಕ ಅನ್ನಬೇಕು ಎಂದು ಆಯಿ ನನಗೆ ಹೇಳಿಕೊಟ್ಟಳು. ಖಾಲಾ ಗೋಷಾದ ಹೆಂಗಸು, ಪರಗಂಡಸರು ಅವಳ ಮುಖ ನೋಡಿದ್ದಿಲ್ಲ. ಆದರೆ ಬಾಯಿ ಬಿಟ್ಟರೆ ಬಣ್ಣ ಬಯಲು. ಅವಳಿಗೆ ಬರುತ್ತಿದ್ದದ್ದು ದಖನಿ ಉರ್ದು, ಕನ್ನಡ ಮುರುಕು.

ಮೂರನೆಯ ದಿನ ಬೆಳಿಗ್ಗೆ ಆಯಿ ಪೂಜೆಯ ನಡುವೆ ಇದ್ದಳು. ಅಂಗಳದಲ್ಲಿ ಗಂಡಸರ ದನಿ ಕೇಳಿತು. ಚೇಳಿಗೆ ಕದಲದ ಆಯಿ ಎದ್ದಳು. ಖಾಲಾಳ ರಟ್ಟೆ ಹಿಡಿದು ತನ್ನ ಮಣೆಯ ಮೇಲೆ ಕೂಡಿಸಿ, ಕರಡಿಗೆಯನ್ನು ಅವಳ ಕೊರಳಿಗೆ ಹಾಕಿ, ತನ್ನ ಲಿಂಗವನ್ನು ಅವಳ ಎಡಗೈಯಲ್ಲಿಟ್ಟಳು. ಪೂಜೆಗೆ ಕುಳಿತವರನ್ನು ಯಾರೂ ಮಾತಾಡಿಸುವುದಿಲ್ಲ, ಅಷ್ಟೇ ಅವಳ ಲೆಕ್ಕ.

ಒಳಗೆ ಬಂದವನು ನಮ್ಮ ಕಾಕಾನೇ. ಇನ್ನಿಬ್ಬರು ಅಂಗಳದಲ್ಲಿ ನಿಂತರು. ಪಕ್ಕದ ಮನೆಯಾಕೆ ಎಲ್ಲಿ ಎಂದು ಕೇಳಿದ. ಗೊತ್ತಿಲ್ಲ ಅಂದಳು ಆಯಿ. ಇವರು ಯಾರು ಅಂದ. ಔರಾದದ ಅಕ್ಕ ಅಂದಳು. ಆ ಅಕ್ಕನನ್ನು ಅವನು ಎಂದೂ ನೋಡಿರಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಕಾ ದೈವಭಕ್ತ. ಕೊಡಲಿಯನ್ನು ಗೋಡೆಗೆ ಆನಿಸಿ, ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

“ಪೂಜಿ ಮುಗೀಲಿ ದೊಡ್ಡವ್ವ. ಪಾದಕ್ಕ ಬಿದ್ದು ಹೋಗ್ತೇನಿ.”

ಆಯಿ ಬರಿಗೊರಳು ಕಾಣದಂತೆ ಸೆರಗು ಬಿಗಿದುಕೊಂಡಳು. ನಿನ್ನ ಪೂಜೆ ಆಯಿತೇ ಎಂದು ಅವನು ಕೇಳಿದಾಗ, ಆಗಿದೆ ಎಂದು ಸುಳ್ಳು ಹೇಳಿದಳು. ಖಾಲಾಳ ತುಟಿಗಳು ಅಲುಗುತ್ತಿದ್ದವು. ಆ ಪ್ರಾರ್ಥನೆ ನಮ್ಮದಲ್ಲ ಎಂದು ನನಗೆ ಗೊತ್ತಿತ್ತು. ಎಷ್ಟು ಹೊತ್ತು ಹಾಗೆ ಕಳೆಯಿತೋ. ಖಾಲಾ ಎತ್ತಿ ಹಿಡಿದ ಕೈ ಸೋತು ನಡುಗತೊಡಗಿತು. ಲಿಂಗ ನೆಲಕ್ಕೆ ಬಿದ್ದರೆ ಆಯಿ ಬದುಕುವುದಿಲ್ಲ, ಬೀಳಿಸಿದವಳನ್ನು ಕಾಕಾ ಬದುಕಗೊಡುವುದಿಲ್ಲ. ಖಾಲಾ ಬಲಗೈಯನ್ನೂ ಎಡಗೈಯ ಕೆಳಗೆ ಕೊಟ್ಟಳು. ಆಗ ಉಗುರುಗಳು ಕಂಡವು. ಹತ್ತಕ್ಕೆ ಹತ್ತೂ ಮೆಹಂದಿಯಿಂದ ಕೆಂಪಾಗಿದ್ದವು. ನಮ್ಮಲ್ಲಿ ಯಾವ ವಿಧವೆಯೂ ಮೆಹಂದಿ ಹಚ್ಚುವುದಿಲ್ಲ.

ಕಾಕಾ ನೋಡಿದ. ಆಮೇಲೆ ಆಯಿಯ ಮುಖ ನೋಡಿದ.

“ದೊಡ್ಡವ್ವ, ಲಿಂಗಾ ಯಾರದು?”

“ನಂದು,” ಅಂದಳು ಆಯಿ.

ಅವನು ಎದ್ದ. ಲಿಂಗವಿದ್ದ ಕೈಯ ಮೇಲೆ ಕೈ ಮಾಡುವುದು ಅವನಿಂದ ಆಗಲಿಲ್ಲ. ಕೊಡಲಿ ತೆಗೆದುಕೊಂಡು ಹೊರಗೆ ಹೋಗಿ, ಒಳಗಿರುವುದು ನಮ್ಮವರೇ ಎಂದು ಜೊತೆಯವರಿಗೆ ಹೇಳಿದ. ಮೂವರೂ ಹಿಂದಿನ ಓಣಿಯ ಕಡೆ ನಡೆದರು. ಅಲ್ಲಿಯೂ ಮುಸಲ್ಮಾನರ ಮನೆಗಳಿದ್ದವು.

ಆಯಿ ಲಿಂಗವನ್ನು ಹಿಂದಕ್ಕೆ ತೆಗೆದುಕೊಂಡಳು. ಅರ್ಧಕ್ಕೆ ನಿಂತ ಪೂಜೆ ಮುಗಿಸಬೇಕೆಂದು ಅದೇ ಮಣೆಯ ಮೇಲೆ ಕುಳಿತಳು. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಓಣಿಯಿಂದ ಬಾಗಿಲು ಬಡಿಯುವ ಸದ್ದು, ಆಮೇಲೆ ಹೆಂಗಸರ ಚೀರಾಟ. ಖಾಲಾ ಎರಡೂ ಕಿವಿ ಮುಚ್ಚಿಕೊಂಡು ಮೂಲೆಗೆ ಸರಿದಳು. ನಾನು “ಆಯಿ, ಆಯಿ” ಎಂದು ಕರೆದೆ. ಆಯಿ ತಿರುಗಲಿಲ್ಲ. ಪೂಜೆ ಮುಗಿಯುವ ಹೊತ್ತಿಗೆ ಚೀರಾಟವೂ ನಿಂತಿತ್ತು.

ಖಾಲಾಳನ್ನು ಮುಂದೆ ಬೀದರಿನ ಅವಳ ತಮ್ಮನ ಮನೆಗೆ ಮುಟ್ಟಿಸಿದೆವು. ಬಹಳ ವರ್ಷ ಬದುಕಿದಳು. ನಿಧಾನವಾಗಿ ಸುದ್ದಿ ಹೊರಬಿತ್ತು. ಕೆಲವರು ಆಯಿಯನ್ನು ಬೈದರು, ಹೆಚ್ಚಿನವರು ಪುಣ್ಯವಂತೆ ಅಂದರು. ಹೊಗಳಿದವರ ಮನೆಗೆ ಆಯಿ ಮತ್ತೆ ಕಾಲಿಡುತ್ತಿರಲಿಲ್ಲ. ಒಂದು ಹೊತ್ತಿನ ಪೂಜೆ ಮೂರು ಹೊತ್ತಾಯಿತು. ಊಟ ಕಡಿಮೆಯಾಯಿತು. ನನಗೆ ಅವಳ ಮೇಲೆ ಸಿಟ್ಟೇ ಬರುತ್ತಿತ್ತು, ಇಷ್ಟು ದೊಡ್ಡ ಕೆಲಸ ಮಾಡಿ ಯಾಕೆ ಹೀಗೆ ಒಣಗುತ್ತಾಳೆ ಎಂದು.

ಸಾಯುವ ಹಿಂದಿನ ವರ್ಷ, ಬೀದರಿನ ಮಠಕ್ಕೆ ಕರೆದುಕೊಂಡು ಹೋಗು ಅಂದಳು. ನನಗೆ ಆಗ ಮದುವೆಯಾಗಿತ್ತು. ವಯಸ್ಸಾದ ಸ್ವಾಮಿಗಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಜೀವ ಉಳಿಸಲು ಲಿಂಗ ಕೊಟ್ಟದ್ದು ತಪ್ಪಲ್ಲ ತಾಯಿ, ಮನಸ್ಸಿನಿಂದ ತೆಗೆದುಹಾಕು ಅಂದರು.

ಆಯಿ ತಲೆ ಅಲ್ಲಾಡಿಸಿದಳು. “ಕೊಟ್ಟಿದ್ದಕ್ಕ ಬಂದಿಲ್ಲರಿ ಅಪ್ಪೋರ. ಆಮ್ಯಾಲ ಅವರು ಹಿಂದಿನ ಓಣಿಗಿ ಹೋದ್ರು. ಅವ ನಾ ಸಾಕಿದ ಹುಡುಗ. ಬಾಗಿಲಾಗ ನಿಂತು ಬ್ಯಾಡಪಾ ಅಂದಿದ್ರ ನಿಂದರ್ತಿದ್ದ. ನಾ ಪೂಜಿಗಿ ಕುಂತೆ.”

ಪೂಜೆಯಲ್ಲಿದ್ದವರಿಗೆ ಹೊರಗಿನದು ಕೇಳಿಸುವುದಿಲ್ಲವಲ್ಲ ಎಂದು ಸ್ವಾಮಿಗಳು ಮೆಲ್ಲಗೆ ಅಂದರು.

“ಎಲ್ಲಾ ಕೇಳಸ್ತಿತ್ತರಿ,” ಅಂದಳು ಆಯಿ. ನನ್ನ ಕಡೆ ಕೈ ತೋರಿಸಿದಳು. “ಈಕಿ ಕರದಳು. ಅದೂ ಕೇಳಿಸ್ತು.”